ಪ್ಯಾರಿಸ್ ಮನೆಗೆ ಬಿದ್ದ ಜಪ್ತಿ

ಜಗಳೂರಿನ ರೈತನ ಮೇಲೆ ಸಾಲದ ಡಿಕ್ರಿಯಾದರೆ ಕೋರ್ಟಿನ ಅಮೀನ ಮನೆ ಬಾಗಿಲಿಗೆ ಬರಬಹುದು. ಆದರೆ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜವನ್ನು ಮುಟ್ಟುವಂತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅಡ್ಡ ನಿಲ್ಲುತ್ತದೆ. ಕೊಡಬೇಕಾದವರು ಸರ್ಕಾರವೇ ಆಗಿದ್ದರೆ? 2022ರ ಜನವರಿಯಲ್ಲಿ ಪ್ಯಾರಿಸ್‌ನ 16ನೇ ವಲಯದಲ್ಲಿರುವ ಭಾರತ ಸರ್ಕಾರದ ಮನೆಗೇ ಜಪ್ತಿ ಬಿತ್ತು. ಜಗಳದ ಬೇರು ಇದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಇಸ್ರೊದ ವ್ಯಾಪಾರ ನೋಡಿಕೊಳ್ಳುತ್ತಿದ್ದ ಆಂಟ್ರಿಕ್ಸ್, 2005ರ ಜನವರಿಯಲ್ಲಿ ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಯ ಜತೆ ಎರಡು ಉಪಗ್ರಹಗಳ ಕರಾರು ಮಾಡಿಕೊಂಡಿತು. 70 ಮೆಗಾಹರ್ಟ್ಸ್ ಎಸ್-ಬ್ಯಾಂಡ್ ತರಂಗಗಳ ಬಾಬತ್ತು ಅದು. 2011ರ ಫೆಬ್ರವರಿಯಲ್ಲಿ ಕರಾರು ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ, ಆಂಟ್ರಿಕ್ಸ್ 56.25 ಕೋಟಿ ಡಾಲರ್ ಕೊಡಬೇಕೆಂದಿತು. ದೇವಾಸ್‌ನ ಮಾರಿಷಸ್ ಮೂಲದ ಷೇರುದಾರರು ಭಾರತ ಸರ್ಕಾರದ ವಿರುದ್ಧವೇ ಬೇರೆ ತೀರ್ಪು ಪಡೆದರು. ಹಣ ಮಾತ್ರ ಬರಲಿಲ್ಲ.

ಬಳಿಕ ಶುರುವಾದದ್ದು ವಿದೇಶಗಳಲ್ಲಿ ಭಾರತದ ಆಸ್ತಿಯ ಬೇಟೆ; ಪ್ಯಾರಿಸ್ ಮನೆ ಸಿಕ್ಕಿದ್ದೂ ಅದರಲ್ಲೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಇದೆ. ಟಿಕೆಟ್ ಮಾರಾಟದ ಹಣ ಅದರ ಮೂಲಕ ಹರಿಯುತ್ತದೆ. 2021ರ ಕೊನೆಗೆ ಅಲ್ಲಿನ ಕೋರ್ಟು ಆಗ ಸರ್ಕಾರದ್ದಾಗಿದ್ದ ಏರ್ ಇಂಡಿಯಾದ ಹಣಕ್ಕೂ ವಿಮಾನ ನಿಲ್ದಾಣ ಪ್ರಾಧಿಕಾರದ ಹಣಕ್ಕೂ ತಡೆ ಹಾಕಿತು; ಜನವರಿಯಲ್ಲಿ ಪ್ರಾಧಿಕಾರದ ಹಣ ಬಿಟ್ಟಿತು. ಅದೇ ತಿಂಗಳು ಏರ್ ಇಂಡಿಯಾ ಟಾಟಾ ಪಾಲಾಯಿತು!

ಒಂದು ಕಾಲಕ್ಕೆ ಪರದೇಶದ ದೊರೆಯನ್ನು ಕೋರ್ಟಿಗೆಳೆಯುವಂತೆಯೇ ಇರಲಿಲ್ಲ. ಸರ್ಕಾರಗಳು ಹಡಗು, ತೈಲ, ವಿಮಾನದ ವ್ಯಾಪಾರಕ್ಕಿಳಿದ ಮೇಲೆ ಕಾನೂನು ಬಗ್ಗಿತು. ಅಮೆರಿಕ 1976ರಲ್ಲಿ, ಬ್ರಿಟನ್ 1978ರಲ್ಲಿ ಕಾಯ್ದೆ ತಂದವು: ರಾಯಭಾರ ಕಚೇರಿ ಮುಟ್ಟಬೇಡ, ವ್ಯಾಪಾರದ ಆಸ್ತಿ ಹಿಡಿಯಬಹುದು.

ದೇವಾಸ್ ವಂಚನೆಗೆಂದೇ ಹುಟ್ಟಿದ ಕಂಪನಿ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿ 17ರಂದು ಹೇಳಿತು. ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ 2015ರ ತೀರ್ಪನ್ನೇ ತಳ್ಳಿಹಾಕಿತು. ಇರಲಿ, ಆದರೆ ಅಂಥ ವಂಚನೆ ನಮ್ಮ ಅಧಿಕಾರಿಗಳ ಕಣ್ಣಿಗೆ ಕರಾರಿಗೆ ಸಹಿ ಹಾಕುವಾಗಲೇ ಯಾಕೆ ಬೀಳಲಿಲ್ಲ? ವಿದೇಶಿ ಕೋರ್ಟುಗಳು ನಮ್ಮ ಕೋರ್ಟುಗಳ ಮಾತಿಗೇ ಕಟ್ಟುಬೀಳಲಿಲ್ಲ. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆಂಟ್ರಿಕ್ಸ್ ವಿರುದ್ಧದ ದಾವೆಗೆ ಮತ್ತೆ ಜೀವ ಕೊಟ್ಟಿತು.

ಪರದೇಶದ ಸರ್ಕಾರದ ಆಸ್ತಿ ಹಿಡಿಯಬಹುದೇ ಎಂಬ ಪ್ರಶ್ನೆ ನಮ್ಮಲ್ಲೂ ಬಂದಿದೆ. 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್, ಆಫ್ಘನ್ ರಾಯಭಾರ ಕಚೇರಿಯ ಮೇಲಿನ ಮಧ್ಯಸ್ಥಿಕೆ ತೀರ್ಪಿನ ಅಮಲ್ಜಾರಿಗೆ ಕೇಂದ್ರದ ಅನುಮತಿ ಬೇಕಿಲ್ಲ ಎಂದಿತು. ಇದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಸಂಸತ್ತು ಅದನ್ನು ಬರೆಯಲಿ.