ಕಂಡೂ ಕಾಣದ್ದು, ಕೇಳಿಯೂ ಕೇಳದ್ದು: ಇಂಗ್ಲಿಷಿನ ಕೆಲವು ಜೋಡಿಪದಗಳು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯನ್ನೂ, ಕಚೇರಿಯಲ್ಲಿ ಇಂಗ್ಲಿಷನ್ನೂ ಬಳಸುತ್ತ ಬಂದಿದ್ದೇವೆ. ಇಂಗ್ಲಿಷ್ ನಮಗೆ ಅಪರಿಚಿತವಲ್ಲ. ಆದರೂ ಆ ಭಾಷೆಯ ಒಂದು ಮೂಲೆ ನಮ್ಮನ್ನು ಆಗಾಗ ತಬ್ಬಿಬ್ಬುಗೊಳಿಸುತ್ತದೆ. ಅದೇ ‘ಫ್ರೇಸಲ್ ವರ್ಬ್’ ಎಂದು ಕರೆಯಲ್ಪಡುವ ಜೋಡಿ ಕ್ರಿಯಾಪದಗಳ ಮೂಲೆ. ಒಂದು ಸಾಮಾನ್ಯ ಕ್ರಿಯಾಪದದ ಬೆನ್ನಿಗೆ ‘ಔಟ್’, ‘ಅಪ್’, ‘ಆಫ್’, ‘ಅವೇ’ ಎಂಬಂಥ ಪುಟ್ಟ ಪದವೊಂದು ಸೇರಿದೊಡನೆ ಅರ್ಥವೇ ಬದಲಾಗುತ್ತದೆ.

ಈ ತೊಡಕು ನಮ್ಮೊಬ್ಬರದೇ ಅಲ್ಲ. 1755ರಲ್ಲಿ ಪ್ರಕಟವಾದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಅವರು, ಪರಭಾಷಿಕರಿಗೆ ಅತ್ಯಂತ ಕಷ್ಟವೆನಿಸುವುದು ಇಂಥ ಜೋಡಣೆಗಳೇ ಎಂದು ಗುರುತಿಸಿದ್ದರು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ಕಾಲದ ನಂತರ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಅವರು ತಮ್ಮ ಗ್ರಂಥದಲ್ಲಿ ಅದನ್ನು ಬಳಸಿ, ಹೆಸರನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರ್ಯಾಡ್ಲಿ ಎಂದು ಸ್ಮರಿಸಿದರು.

ಈ ಜೋಡಿಪದಗಳ ಪೈಕಿ ಒಂದು ಚಿಕ್ಕ ಗುಂಪನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸೋಣ. ಅವು ಪೂರ್ಣವಾಗಿ ಕಾಣದ, ಪೂರ್ಣವಾಗಿ ಕೇಳಿಸದ ಸ್ಥಿತಿಯನ್ನು ಹೇಳುವಂಥವು.

ಇವುಗಳಲ್ಲಿ ಮೊದಲನೆಯದು ‘ಮೇಕ್ ಔಟ್’. ಮಂಜು ಮುಸುಕಿದ ಮುಂಜಾನೆ ದೂರದ ಬಸ್ಸಿನ ಫಲಕವನ್ನು ಕಣ್ಣು ಕಿರಿದಾಗಿಸಿ ನೋಡಿ ಅದರ ಸಂಖ್ಯೆಯನ್ನು ಹೇಗೋ ಗುರುತಿಸಿದೆವೆನ್ನಿ. ಆಗ ಸಲ್ಲುವ ಪದ ಇದು. ಬಸ್ಸು ಕಂಡದ್ದು ‘ಸೀ’. ಅದರ ಮೇಲಿನ ಅಂಕಿಯನ್ನು ಪ್ರಯಾಸದಿಂದ ಗೊತ್ತುಹಚ್ಚಿದ್ದು ‘ಮೇಕ್ ಔಟ್’. ಕಿವಿಗೂ ಇದೇ ನ್ಯಾಯ. ಪಕ್ಕದ ಕೋಣೆಯ ಮಾತಿನ ಸದ್ದು ಬರುವುದು ‘ಹಿಯರ್’. ಆ ಸದ್ದಿನೊಳಗಿಂದ ಪದಗಳನ್ನು ಬಿಡಿಸಿಕೊಳ್ಳುವುದು ‘ಮೇಕ್ ಔಟ್’. ಇಲ್ಲಿ ‘ಔಟ್’ ಎಂಬುದು ಮಸುಕಿನೊಳಗಿಂದ ಹೊರಕ್ಕೆ ತೆಗೆಯುವ ಭಾವವನ್ನು ಕೊಡುತ್ತದೆ.

‘ಪಿಕ್ ಔಟ್’ ಇದರ ಸೋದರ ಪದ. ಆದರೆ ಇಲ್ಲಿ ಕಷ್ಟಕ್ಕೆ ಕಾರಣ ಮಸುಕಲ್ಲ, ಸಂದಣಿ. ರೈಲು ನಿಲ್ದಾಣದ ಜನಜಂಗುಳಿಯಲ್ಲಿ ನಮ್ಮವರ ಮುಖವನ್ನು ಕಂಡುಕೊಳ್ಳುವುದಕ್ಕೂ, ವಾದ್ಯವೃಂದದ ನಡುವೆ ಒಂದು ಕೊಳಲಿನ ನಾದವನ್ನು ಪ್ರತ್ಯೇಕಿಸುವುದಕ್ಕೂ ಇದು ಸಲ್ಲುತ್ತದೆ. ಕಾಳಿನಿಂದ ಕಲ್ಲನ್ನು ಹೆಕ್ಕುವ ನಮ್ಮ ‘ಹೆಕ್ಕು’ ಇದಕ್ಕೆ ಬಹು ಸಮೀಪದ ಪದ.

‘ಪಿಕ್ ಅಪ್’ ಎಂದರೆ ಕ್ಷೀಣವಾದದ್ದನ್ನು ಗ್ರಹಿಸುವುದು. ರೇಡಿಯೋ ದೂರದ ಕೇಂದ್ರವೊಂದನ್ನು ಹಿಡಿಯುತ್ತದೆ; ಧ್ವನಿಗ್ರಾಹಕವು ಉಸಿರಿನ ಸದ್ದನ್ನೂ ಹಿಡಿಯುತ್ತದೆ. ಮನುಷ್ಯನ ಕಿವಿಯ ಮೇಲ್ಮಿತಿ ಸುಮಾರು 20,000 ಹರ್ಟ್ಸ್. ನಾಯಿ ಅದಕ್ಕೂ ಮೇಲಿನ ಶಬ್ದಗಳನ್ನು ಗ್ರಹಿಸಬಲ್ಲದು. ಆ ಗ್ರಹಿಕೆಯೂ ‘ಪಿಕ್ ಅಪ್’.

ಇನ್ನು ಕೇಳಿಸದೆ ಹೋಗುವ ಬಗೆಗಳು. ಲೋಕಲ್ ರೈಲಿನ ಗದ್ದಲ ನಮ್ಮ ಮಾತನ್ನು ನುಂಗಿಹಾಕಿದರೆ ಅದು ‘ಡ್ರೌನ್ ಔಟ್’, ಅಕ್ಷರಶಃ ಮುಳುಗಿಸುವಿಕೆ. ಮೆರವಣಿಗೆಯ ಡೋಲಿನ ಸದ್ದು ದೂರ ಸರಿಯುತ್ತ ಅಡಗಿದರೆ ‘ಡೈ ಅವೇ’. ಮಾತನಾಡುತ್ತಿದ್ದವರು ಸಂಕೋಚದಿಂದಲೋ ದುಃಖದಿಂದಲೋ ವಾಕ್ಯವನ್ನು ಮುಗಿಸದೆ ದನಿ ತಗ್ಗಿಸುತ್ತ ಮೌನವಾದರೆ ‘ಟ್ರೇಲ್ ಆಫ್’. ಮೂರರಲ್ಲಿಯೂ ಮಾತು ಅಥವಾ ಸದ್ದು ನಮ್ಮನ್ನು ತಲುಪುವುದಿಲ್ಲ. ಆದರೆ ಮೊದಲನೆಯದರಲ್ಲಿ ಕಾರಣ ಬೇರೊಂದು ಸದ್ದು, ಎರಡನೆಯದರಲ್ಲಿ ದೂರ, ಮೂರನೆಯದರಲ್ಲಿ ಮಾತನಾಡುವವರ ಮನಸ್ಸು.

ಬಳಕೆಯಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ‘ಮೇಕ್ ಔಟ್’ ಸಾಮಾನ್ಯವಾಗಿ ‘ಕ್ಯಾನ್’ ಅಥವಾ ‘ಕುಡ್’ ಜೊತೆಗೆ ಬರುತ್ತದೆ. ‘ಐ ಆಮ್ ಮೇಕಿಂಗ್ ಔಟ್’ ಎಂದು ನಮ್ಮ ಮಕ್ಕಳು ಹೇಳದಿರುವುದು ಲೇಸು. ಏಕೆಂದರೆ ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಪ್ರೇಮಿಗಳ ಸಲ್ಲಾಪಕ್ಕೆ ಸಂಬಂಧಿಸಿದ ಅರ್ಥವೊಂದಿದೆ! ಎರಡನೆಯದು, ಜೊತೆಗೆ ಬರುವ ಕ್ರಿಯಾವಿಶೇಷಣ. ‘ಜಸ್ಟ್’ ಸೇರಿದರೆ ಕಷ್ಟಪಟ್ಟರೂ ಗುರುತಿಸಿದೆವು ಎಂಬ ಸಮಾಧಾನವಿರುತ್ತದೆ. ‘ಹಾರ್ಡ್ಲಿ’ ಸೇರಿದರೆ ಗುರುತಿಸಲಾಗಲಿಲ್ಲವೆಂದೇ ಹೇಳಬಹುದು ಎಂಬ ನಿರಾಶೆ. ‘ಹಾರ್ಡ್ಲಿ’ಯಲ್ಲಿಯೇ ನಿಷೇಧಾರ್ಥವಿರುವುದರಿಂದ ಅದರೊಂದಿಗೆ ‘ನಾಟ್’ ಸೇರಿಸಬಾರದು.

ಕನ್ನಡವು ಈ ವಿಷಯದಲ್ಲಿ ಬಡವೆಂದು ಯಾರೂ ಭಾವಿಸಬೇಕಾಗಿಲ್ಲ. ಕಣ್ಣಿಗೆ ಬೀಳು, ಕಿವಿಗೊಡು, ಆಲಿಸು, ಕಂಡುಹಿಡಿ, ಗುರುತುಹಿಡಿ ಮೊದಲಾದ ಪ್ರಯೋಗಗಳು ನಮ್ಮಲ್ಲಿ ಹೇರಳ. ವ್ಯತ್ಯಾಸವಿರುವುದು ವಾಕ್ಯದ ಕಟ್ಟಿನಲ್ಲಿ. ‘ನನಗೆ ಕಾಣುತ್ತದೆ’, ‘ನನಗೆ ಕೇಳಿಸುತ್ತದೆ’ ಎನ್ನುವಾಗ ನಾವು ಚತುರ್ಥಿ ವಿಭಕ್ತಿಯನ್ನು ಬಳಸುತ್ತೇವೆ. ಅಲ್ಲಿ ದೃಶ್ಯ ಮತ್ತು ಶಬ್ದಗಳೇ ನಮ್ಮ ಬಳಿಗೆ ಬರುತ್ತವೆ. ‘ಮೇಕ್ ಔಟ್’ ಎನ್ನುವಾಗ ನೋಡುವವನೇ ಕರ್ತೃ, ದುಡಿಮೆ ಅವನದು. ಹೀಗಾಗಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ನುಡಿಯುವಾಗ ‘ಕಾಣುತ್ತದೆ’, ‘ಕಾಣುವುದಿಲ್ಲ’ ಎಂಬ ಎರಡೇ ತುದಿಗಳು ಉಳಿದು, ನಡುವಿನ ಸ್ಥಿತಿ ಬಿಟ್ಟುಹೋಗುತ್ತದೆ.

ಇದು ಕೇವಲ ವ್ಯಾಕರಣದ ಚರ್ಚೆಯಲ್ಲ. ನಮ್ಮ ಮನೆಗಳ ಹಿರಿಯರನ್ನು ಕಣ್ಣು, ಕಿವಿಗಳ ವೈದ್ಯರಲ್ಲಿಗೆ ಕರೆದೊಯ್ದಾಗ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವವರು ನಾವೇ. ವಯಸ್ಸಿನೊಂದಿಗೆ ಬರುವ ಶ್ರವಣದೋಷ ಸಾಮಾನ್ಯವಾಗಿ ಮೊದಲು ಬಾಧಿಸುವುದು ಉಚ್ಚ ಸ್ಥಾಯಿಯ ಧ್ವನಿಗಳನ್ನು. ಸ್ವರಾಕ್ಷರಗಳು ಚೆನ್ನಾಗಿಯೇ ಕೇಳಿಸುತ್ತವೆ. ಸ, ಷ, ಫ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದಲೇ ‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಅವರು ಹೇಳುವುದು. ಅದನ್ನು ನಾವು ‘ಕಾಂಟ್ ಹಿಯರ್’ ಎಂದು ಮೊಟಕುಗೊಳಿಸಿದರೆ ರೋಗಲಕ್ಷಣದ ಮುಖ್ಯ ಭಾಗವೇ ವೈದ್ಯರಿಗೆ ತಲುಪದು. ‘ಕ್ಯಾನ್ ಹಿಯರ್ ದಿ ವಾಯ್ಸ್, ಬಟ್ ಕಾಂಟ್ ಮೇಕ್ ಔಟ್ ದಿ ವರ್ಡ್ಸ್’ ಎಂದರೆ ವಿಷಯ ಪೂರ್ಣವಾಗುತ್ತದೆ.

ಕಣ್ಣಿನ ತಪಾಸಣೆಯಲ್ಲಿಯೂ ಹೀಗೆಯೇ. ನೆದರ್ಲೆಂಡ್ಸ್‌ನ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕವನ್ನು ಸಾಮಾನ್ಯವಾಗಿ 6 ಮೀಟರ್ ದೂರದಿಂದ ಓದಿಸುತ್ತಾರೆ. ಕೆಳಗಿನ ಸಾಲು ಕಾಣುತ್ತದೆಯೇ ಎಂದರೆ ಹಿರಿಯರು ‘ಕಾಣುತ್ತದೆ’ ಎನ್ನಬಹುದು. ಕಂಡದ್ದು ಕಪ್ಪು ಗೆರೆಯಷ್ಟೇ ಆಗಿರಬಹುದು. ವೈದ್ಯರು ತಿಳಿಯಬಯಸುವುದು ಸಾಲು ಕಂಡಿತೇ ಎಂಬುದನ್ನಲ್ಲ, ಅಕ್ಷರ ಯಾವುದೆಂದು ಗೊತ್ತಾಯಿತೇ ಎಂಬುದನ್ನು.

ಮಕ್ಕಳಿಗೆ ಇಂಥ ಪದಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದಕ್ಕಿಂತ ಅವುಗಳ ಕನ್ನಡದ ಜೊತೆಗಾರರನ್ನು ಮನೆಯಲ್ಲಿ ಬಳಸಿ ತೋರಿಸುವುದು ಹೆಚ್ಚು ಫಲಕಾರಿ. ಅಜ್ಜಿ ‘ಮಸುಕಾಗಿದೆ’ ಎಂದಾಗಲೂ ‘ಕಾಣಿಸುತ್ತಿಲ್ಲ’ ಎಂದಾಗಲೂ ಆ ಎರಡರ ಅಂತರವನ್ನು ಅರಿತ ಮಗು, ಇಂಗ್ಲಿಷಿನಲ್ಲಿಯೂ ಸರಿಯಾದ ಪದವನ್ನೇ ಹುಡುಕೀತು.