ಕಿವಿಯ ನರದ ಗಡ್ಡೆ: ಕತ್ತರಿ ಇಡುವುದು ಯಾವಾಗ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ವಾಡಿಕೆ. ಹಾಗಾಗಿ ಒಂದೇ ಮನೆಯ ಇಬ್ಬರು ಮೂವರಿಗೆ ಒಂದೇ ಕಾಯಿಲೆ ಕಂಡರೆ 'ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಹೀಗಾಯಿತು' ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಅನೇಕ ಕಾಯಿಲೆಗಳ ಮಟ್ಟಿಗೆ ಈ ಮಾತು ನಿಜವೂ ಹೌದು. ಆದರೆ ಎರಡೂ ಕಿವಿಗಳ ನರದ ಮೇಲೆ ಗಡ್ಡೆ ಬೆಳೆಸುವ 'ಎನ್‌ಎಫ್-2' ಎಂಬ ನರರೋಗಕ್ಕೆ ಇದು ಅನ್ವಯಿಸದು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಹೆಣ್ಣನ್ನು ಯಾವ ಊರಿನಿಂದ ತಂದಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ.

ರೋಗ ಅಪರೂಪದ್ದು, ಸುಮಾರು 30 ಸಾವಿರ ಜನನಗಳಲ್ಲಿ ಒಂದು. ನರದ ಹೊದಿಕೆಯ ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ವಂಶವಾಹಿಯೊಂದು 22ನೇ ವರ್ಣತಂತುವಿನಲ್ಲಿದೆ. ಅದು ಕೆಟ್ಟರೆ ಗಡ್ಡೆಗಳು ಹುಟ್ಟುತ್ತವೆ ಎಂಬುದು ಖಚಿತವಾದದ್ದು 1993ರಲ್ಲಿ. ಈ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತದೆ, ಒಂದು ಕಿವಿ ಮಂದವಾಗುತ್ತದೆ, ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ನಡೆಯುವಾಗ ಕಾಲು ತಪ್ಪುತ್ತದೆ. ಕಿವುಡು ಅಜ್ಜನಿಂದ ಬಂದ ಬಳುವಳಿ ಎಂದು ಮನೆಯವರು ಸುಮ್ಮನಾಗುವುದೂ ಉಂಟು. ಅಮೆರಿಕದಲ್ಲಿ ಗಾರ್ಡನರ್ ಮತ್ತು ಫ್ರೇಜಿಯರ್ 1930ರಲ್ಲಿ ವರದಿ ಮಾಡಿದ ಕುಟುಂಬವೊಂದರ ಐದು ತಲೆಮಾರುಗಳಲ್ಲಿ 38 ಮಂದಿ ಹೀಗೆ ಕಿವುಡರಾಗಿದ್ದರು.

ಕಿವಿಯ ನರಕ್ಕೆ ಅಂಟಿಕೊಂಡೇ ಮುಖದ ನರ ಸಾಗುತ್ತದೆ, ಪಕ್ಕದಲ್ಲೇ ಉಸಿರಾಟವನ್ನು ನಡೆಸುವ ಮಿದುಳುಕಾಂಡ. ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ 1894ರಲ್ಲಿ ಇಂಥ ಗಡ್ಡೆಯನ್ನು ಬೆರಳಿನಿಂದಲೇ ಬಿಡಿಸಿ ತೆಗೆದರು. ರೋಗಿ ಬದುಕಿದರು, ಆದರೆ ಮುಖದ ಒಂದು ಪಾರ್ಶ್ವ ಸೋತಿತು, ಆ ಕಡೆಯ ಕಣ್ಣನ್ನೂ ತೆಗೆಯಬೇಕಾಯಿತು. ಅಮೆರಿಕದ ಹಾರ್ವೆ ಕುಶಿಂಗ್ ಇದಕ್ಕಿಂತ ಎಚ್ಚರಿಕೆಯ ದಾರಿ ಹಿಡಿದರು. ಮದ್ದೂರಿನ ಎಳನೀರು ಮಾರುಕಟ್ಟೆ ಕಂಡವರಿಗೆ ಹೇಳುವುದಾದರೆ, ಚಿಪ್ಪನ್ನು ಹಾಗೆಯೇ ಬಿಟ್ಟು ಒಳಗಿನ ಗಂಜಿಯನ್ನಷ್ಟೇ ಕೆರೆದಂತೆ. ಸಾವು ಕಡಿಮೆಯಾಯಿತು, ಆದರೆ ಉಳಿದ ಚಿಪ್ಪು ಮತ್ತೆ ಬೆಳೆಯುತ್ತಿತ್ತು. ಅರವತ್ತರ ದಶಕದಲ್ಲಿ ಸೂಕ್ಷ್ಮದರ್ಶಕ ಬಂದ ಮೇಲೆಯೇ ಮುಖದ ನರ ಉಳಿಸುವ ಧೈರ್ಯ ಬಂದದ್ದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಗೆ ನೆಲೆ ಹಾಕಿದವರು ಡಾ. ಆರ್. ಮಾರ್ತಾಂಡ ವರ್ಮ. ಅಂಥ ಕೇಂದ್ರಗಳಲ್ಲಿಂದು ಪ್ರಶ್ನೆ ಗಡ್ಡೆ ತೆಗೆಯಬಹುದೇ ಎಂಬುದಲ್ಲ, ಯಾವಾಗ ಎಂಬುದು. ಒಂದೇ ಕಡೆ ಗಡ್ಡೆ ಇದ್ದವರಿಗೆ ಇನ್ನೊಂದು ಕಿವಿ ಇರುತ್ತದೆ. ಎನ್‌ಎಫ್-2 ರೋಗಿಗೆ ಆ ಭರವಸೆ ಇಲ್ಲ. ಕೇಳುವ ಕೊನೆಯ ಕಿವಿಯ ಬದಿಗೆ ಕತ್ತರಿ ಇಟ್ಟರೆ ಮರುದಿನದಿಂದಲೇ ಲೋಕ ಮೌನವಾಗಬಹುದು. ಬಿಟ್ಟರೆ ಗಡ್ಡೆ ಮಿದುಳುಕಾಂಡವನ್ನು ಒತ್ತುತ್ತದೆ. ಆದ್ದರಿಂದ ಗಡ್ಡೆ ಚಿಕ್ಕದಿದ್ದರೆ ಎಂಆರ್‌ಐ ಮಾಡಿಸುತ್ತ ಕಾಯುತ್ತಾರೆ, ಒತ್ತಡ ಹೆಚ್ಚಿದರೆ ತೆಗೆಯುತ್ತಾರೆ, ಮುಖದ ನರಕ್ಕೆ ಅಂಟಿದ ಚೂರನ್ನು ಬೇಕೆಂದೇ ಬಿಡುವುದೂ ಉಂಟು. ಬೆವಾಸಿಝುಮ್ಯಾಬ್ ಎಂಬ ಔಷಧದಿಂದ ಕೆಲವರ ಗಡ್ಡೆ ಕುಗ್ಗಿ ಶ್ರವಣ ಸುಧಾರಿಸಿದ್ದು 2009ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಅದು ನಾಟುವುದಿಲ್ಲ.

ಕಿವುಡಾದವರಿಗೆ ನರವನ್ನು ಬಿಟ್ಟು ನೇರ ಮಿದುಳುಕಾಂಡಕ್ಕೇ ವಿದ್ಯುತ್ ಸಂಕೇತ ಕೊಡುವ ಸಾಧನವನ್ನು 1979ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಹೌಸ್ ಮತ್ತು ಹಿಟ್ಸೆಲ್‌ಬರ್ಗರ್ ಮೊದಲು ಅಳವಡಿಸಿದರು. ಹೆಚ್ಚಿನವರಿಗೆ ಅದರಿಂದ ಸದ್ದು ತಿಳಿಯುತ್ತದೆ, ತುಟಿ ನೋಡಿ ಮಾತು ಹಿಡಿಯಲು ನೆರವಾಗುತ್ತದೆ. ಬರೀ ಕೇಳಿ ಮಾತು ಅರ್ಥಮಾಡಿಕೊಳ್ಳುವವರು ಕಡಿಮೆ. ಶ್ರವಣ ಇರುವಾಗಲೇ ತುಟಿಭಾಷೆ, ಸಂಜ್ಞೆ ಕಲಿತಿಟ್ಟುಕೊಳ್ಳುವುದು ಮೇಲು.

ಮನೆಯಲ್ಲಿ ಒಬ್ಬರಿಗೆ ಪತ್ತೆಯಾದರೆ ಮಕ್ಕಳನ್ನು ಚಿಕ್ಕಂದಿನಲ್ಲೇ ಪರೀಕ್ಷೆಗೆ ಒಯ್ಯಬೇಕು. ಕಿವಿ ಪರೀಕ್ಷೆಗೆ ಮಂಡ್ಯದವರಿಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ. ಇನ್ನೊಂದು ಮಾತನ್ನು ನಾಲೆಯ ಸೀಮೆಯವರಿಗೆ ಒತ್ತಿ ಹೇಳಬೇಕು. ದೇಹದ ಸಮತೋಲ ಕಾಯುವ ನರವೂ ಕಿವಿಯ ನರದ ಜೊತೆಗೇ ಇದೆ. ಅದು ಎರಡೂ ಕಡೆ ಸೋತವರು ನೀರಿನಲ್ಲಿ ಮುಳುಗಿದಾಗ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದು. ಈಜು ಬಲ್ಲವರೇ ಆದರೂ ವಿಶ್ವೇಶ್ವರಯ್ಯ ನಾಲೆಗಾಗಲಿ ಬಾವಿಗಾಗಲಿ ಅವರನ್ನು ಒಂಟಿಯಾಗಿ ಇಳಿಯಲು ಬಿಡಬಾರದು.