ಅಂಬಾರಿಗೊಬ್ಬ ಕ್ಯಾಪ್ಟನ್ ಬೇಕು

ಮೈಸೂರು ದಸರಾಕ್ಕೆ ಇನ್ನೂ ಎರಡು-ಮೂರು ತಿಂಗಳಿರುವಾಗಲೇ ಅರಣ್ಯಾಧಿಕಾರಿಗಳೂ ಪಶುವೈದ್ಯರೂ ಆನೆ ಶಿಬಿರಗಳನ್ನು ಸುತ್ತತೊಡಗುತ್ತಾರೆ. ದುಬಾರೆ, ಮತ್ತಿಗೋಡು, ಬಳ್ಳೆ, ಗುಂಡ್ಲುಪೇಟೆ ಕಡೆಯ ಬಂಡೀಪುರದ ರಾಂಪುರ, ಚಾಮರಾಜನಗರದ ಬಿಳಿಗಿರಿರಂಗನ ಕಾಡಿನ ಕೆ.ಗುಡಿ. ಗಜಪಡೆಗೆ ಬೇಕಾದ ಆನೆಗಳು ಹಲವು, ಆದರೆ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊರುವವನು ಒಬ್ಬನೇ. ಪತ್ರಿಕೆಗಳು ಅವನನ್ನು ‘ಕ್ಯಾಪ್ಟನ್’ ಎಂದೇ ಕರೆಯುತ್ತವೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳಿಗೂ ಇಂಥದೇ ತಲೆಬಿಸಿಯುಂಟು. ಅಲ್ಲಿ ಅಂಬಾರಿ ಇರುವುದು ಕ್ವಾರ್ಟರ್‌ಬ್ಯಾಕ್ ಬೆನ್ನ ಮೇಲೆ. ಚೆಂಡು ಕೈಗೆ ಬಂದ ಎರಡು-ಮೂರು ಸೆಕೆಂಡಿನಲ್ಲಿ, ಎದುರಾಳಿಗಳು ಮೈಮೇಲೆ ಬೀಳುವ ಮುನ್ನ, ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಕಾಲೇಜು ಆಟಗಾರರನ್ನು ಇಂಡಿಯಾನಾಪೊಲಿಸ್‌ಗೆ ಕರೆಸಿ ಓಡಿಸುತ್ತಾರೆ, ನೆಗೆಸುತ್ತಾರೆ, ಅಂಗೈ ಅಗಲವನ್ನೂ ಅಳೆಯುತ್ತಾರೆ. ಆಮೇಲೆ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಇಷ್ಟಾದರೂ 2000ದಲ್ಲಿ ಟಾಮ್ ಬ್ರೇಡಿ ಎಂಬ ನಿಧಾನಗಾಲಿನ ಹುಡುಗನ ಸರದಿ ಬಂದದ್ದು 199ನೆಯವನಾಗಿ. ಆತ ಸೂಪರ್ ಬೌಲ್ ಎಂಬ ಅಲ್ಲಿನ ಫೈನಲ್ ಪಂದ್ಯವನ್ನು ಏಳು ಸಲ ಗೆದ್ದ. 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್‌ನ ತೋಳ್ಬಲಕ್ಕೆ ಬೆರಗಾಗದವರಿರಲಿಲ್ಲ. ಮೂರು ಋತು ಮುಗಿದದ್ದೇ ತಂಡ ಅವನನ್ನು ಕೈಬಿಟ್ಟಿತು.

ತೋಳನ್ನು ಅಳೆಯಬಹುದು, ಗದ್ದಲದ ನಡುವೆ ತಲೆ ಕೆಡದಿರುವುದನ್ನು ಅಳೆಯುವ ಟೇಪು ಎಲ್ಲಿದೆ? ಆನೆಯ ವಿಷಯದಲ್ಲೂ ಪೇಚು ಅದೇ.

ಮೊದಲಿಗೆ, ಆನೆ ಸಿಗುವ ದಾರಿಯೇ ಬದಲಾಗಿದೆ. 1874ರಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಖೆಡ್ಡಾ ನಡೆಸಿ ಹಿಂಡುಹಿಂಡಾಗಿ ಆನೆ ಹಿಡಿದದ್ದು ಇದೇ ಚಾಮರಾಜನಗರ ಸೀಮೆಯಲ್ಲಿ. ಮುಂದೆ ಕಾಕನಕೋಟೆಯ ಖೆಡ್ಡಾ ಹೆಸರಾಯಿತು. ಮುಂದೆ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಸಿಕ್ಕಿದ್ದು ಅಲ್ಲೇ. 1971ರ ನಂತರ ಖೆಡ್ಡಾ ನಿಂತಿತು. ಈಗ ಹೊಸದಾಗಿ ಶಿಬಿರ ಸೇರುವ ಸಲಗಗಳಲ್ಲಿ ಹೊಲ-ತೋಟಕ್ಕೆ ನುಗ್ಗಿ, ಊರವರ ನಿದ್ದೆ ಕೆಡಿಸಿ ಸೆರೆಯಾದವೇ ಹೆಚ್ಚು. ಧನಂಜಯ ಹಾಸನದ ಯಸಳೂರು ಭಾಗದಲ್ಲಿ ಸಿಕ್ಕವನು, ಏಕಲವ್ಯ ಮೂಡಿಗೆರೆಯಲ್ಲಿ, ಮಹೇಂದ್ರ ರಾಮನಗರದಲ್ಲಿ. ರೈತರ ದೂರಿನಿಂದ ಹೊರಟ ದಾರಿ ಅರಮನೆ ಅಂಗಳ ಮುಟ್ಟುತ್ತದೆಂದರೆ ವಿಚಿತ್ರವೇ ಸರಿ.

ಸೆರೆ ಸಿಕ್ಕ ಆನೆಯನ್ನು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಕಬ್ಬು, ಬೆಲ್ಲ, ಮಾವುತನ ದನಿ, ಕಾವಾಡಿಯ ಕೈ ಇವು ಅದಕ್ಕೆ ಒಗ್ಗುತ್ತ ಹೋಗಬೇಕು. ಈ ಹಂತ ನೋಡುವುದಕ್ಕೆ ಹಿತವಾದದ್ದಲ್ಲ. ಮೆರವಣಿಗೆಯ ಬೆಡಗಿನಲ್ಲಿ ಅದು ಯಾರಿಗೂ ನೆನಪಾಗುವುದೂ ಇಲ್ಲ. ಆಮೇಲೆ ಮೈಸೂರಿನ ತಾಲೀಮು. ತೂಕ ನೋಡಿ, ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿ.ಮೀ. ನಡೆಸಿ, ಬೆನ್ನಿಗೆ ಮರಳಿನ ಮೂಟೆ ಕಟ್ಟಿ ಭಾರ ಏರಿಸುತ್ತ ಹೋಗುತ್ತಾರೆ. ನಂತರ ಮರದ ಅಂಬಾರಿ. ನಡುವೆ ಕುಶಾಲತೋಪು: ಫಿರಂಗಿಯ ಸದ್ದಿಗೆ ಯಾವ ಆನೆ ಬೆಚ್ಚಿತು, ಯಾವುದು ಕಿವಿ ಬೀಸುತ್ತ ನಿಂತಿತು ಎಂಬುದನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. 2024ರಲ್ಲಿ ಮೊದಲ ಬಾರಿ ಬಂದ ಏಕಲವ್ಯ ಗಮನ ಸೆಳೆದದ್ದು ಈ ಪರೀಕ್ಷೆಯಲ್ಲೇ.

ಪರೀಕ್ಷೆ ಪಾಸಾದರೂ ಸರದಿ ಬೇಗ ಬರುವುದಿಲ್ಲ. ಕೊಡಗಿನ ಹೆಬ್ಬಳ್ಳದಲ್ಲಿ ಸೆರೆಯಾದ ಅಭಿಮನ್ಯು ಕಾಡಾನೆ, ಹುಲಿ ಹಿಡಿಯುವ ಕಾರ್ಯಾಚರಣೆಗಳಲ್ಲಿ ಪಳಗಿದವನು. ದಸರಾದಲ್ಲಿ ಮಾತ್ರ ವರ್ಷಗಟ್ಟಲೆ ವಾದ್ಯಗೋಷ್ಠಿಯ ಗಾಡಿ ಎಳೆದ. ಅಂಬಾರಿ ಸಿಕ್ಕಿದ್ದು 2020ರಲ್ಲಿ, ಸೆರೆಯಾಗಿ ದಶಕಗಳಾದ ಮೇಲೆ. ಗ್ರೀನ್ ಬೇ ಫುಟ್‌ಬಾಲ್ ತಂಡ 2005ರಲ್ಲಿ ಆರಿಸಿದ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಡ್ಜರ್ಸ್‌ನನ್ನು ಹಿರಿಯ ಬ್ರೆಟ್ ಫಾವ್ರ್‌ ಹಿಂದೆ ಮೂರು ವರ್ಷ ಕೂರಿಸಿದ್ದನ್ನು ಅಮೆರಿಕನ್ನರು ತಾಳ್ಮೆಯ ಮಾದರಿಯೆಂದು ಹೊಗಳುತ್ತಾರೆ. ನಮ್ಮ ಮಾವುತರಿಗೆ ಹೇಳಿದರೆ ನಕ್ಕಾರು.

ಅರ್ಜುನನ ಕಾಯುವಿಕೆಗೆ ಬೇರೆ ಕಾರಣವಿತ್ತು. 1996ರಲ್ಲಿ ಒಬ್ಬರ ಸಾವಿಗೆ ಕಾರಣನಾದನೆಂದು ಅವನನ್ನು ದೂರ ಇಟ್ಟರು. ಮತ್ತೆ ನಂಬಿಕೆ ಗಳಿಸಿ, ಹಿಂದಿನ ಅಂಬಾರಿ ಆನೆ ಬಲರಾಮನ ನಂತರ 2012ರಿಂದ 2019ರವರೆಗೆ ಅಂಬಾರಿ ಹೊತ್ತ. ವಯಸ್ಸು 60 ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ನಿಯಮ ಅವನನ್ನು ಅಂಬಾರಿಯಿಂದ ಬಿಡಿಸಿತು, ಕಾಡಿನ ಕೆಲಸದಿಂದ ಬಿಡಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತ. ಭಾರ ಹೊರಲಾರದವನನ್ನು ಮದವೇರಿದ ಸಲಗದೆದುರು ನಿಲ್ಲಿಸಿದ್ದೇಕೆ ಎಂದು ಜನ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಗುಂಡ್ಲುಪೇಟೆ, ಚಾಮರಾಜನಗರದ ಶಿಬಿರಗಳ ಆನೆಗಳಿಗೆ ಈಚಿನ ವರ್ಷಗಳಲ್ಲಿ ಒದಗಿದ್ದು ಹೆಚ್ಚಾಗಿ ಜೊತೆಗಾರರ ಪಾತ್ರ. ಅದೇನು ಸಣ್ಣದಲ್ಲ: ಅಂಬಾರಿ ಆನೆಯ ಎರಡೂ ಪಕ್ಕ ಕುಮ್ಕಿ ಹೆಣ್ಣಾನೆಗಳಿಲ್ಲದೆ ಮೆರವಣಿಗೆ ಹೊರಡುವುದಿಲ್ಲ. ರಾಂಪುರದ ಚೈತ್ರಾ ಹಾಗೆ ಅಭಿಮನ್ಯುವಿನ ಪಕ್ಕ ನಡೆದವಳು. ಕೆ.ಗುಡಿಯ ಗಜೇಂದ್ರ, ರಾಂಪುರದ ಪಾರ್ಥಸಾರಥಿ, ರೋಹಿತ್, ಹಿರಣ್ಯಾ ಕೂಡ ದಸರಾ ಕಂಡವರು. ರಾಂಪುರದ ಲಕ್ಷ್ಮಿಯದು ಬೇರೆಯೇ ಕಥೆ. 2022ರ ಸೆಪ್ಟೆಂಬರ್‌ನಲ್ಲಿ ತಾಲೀಮಿಗೆಂದು ಬಂದವಳು ಅರಮನೆ ಆವರಣದಲ್ಲೇ ಮರಿ ಹಾಕಿದಳು! ಮರಿಗೆ ದತ್ತಾತ್ರೇಯ ಎಂದು ಹೆಸರಿಟ್ಟರು. ಅವಳು ಗಬ್ಬವಾಗಿದ್ದುದು ಆಯ್ಕೆ ಮಾಡಿದವರ ಗಮನಕ್ಕೆ ಬಂದಿರಲಿಲ್ಲ. ಹೆಣ್ಣಾನೆಗಳ ಗರ್ಭಪರೀಕ್ಷೆ ಈಗ ಆಯ್ಕೆಯ ಭಾಗ.

ಅಭಿಮನ್ಯುವಿನ ನಂತರ ಯಾರು ಎಂಬ ಲೆಕ್ಕಾಚಾರ ಕೆಲವು ವರ್ಷಗಳಿಂದಲೇ ನಡೆದಿದೆ. ಧನಂಜಯ ನಿಶಾನೆ ಆನೆಯಾಗಿ ಮುಂದೆ ನಡೆದಿದ್ದಾನೆ. ಭೀಮ ಎಂಬ ಇನ್ನೊಂದು ಆನೆಗೆ ಅಭಿಮಾನಿಗಳು ಬಹಳ. ಮಹೇಂದ್ರನನ್ನು ಶ್ರೀರಂಗಪಟ್ಟಣದ ದಸರಾಕ್ಕೆ ಕಳಿಸಿ, ಅಲ್ಲಿನ ಮರದ ಅಂಬಾರಿ ಹೊರಿಸಿ, ಜನಜಂಗುಳಿಯಲ್ಲಿ ಹೇಗೆ ನಡೆಯುತ್ತಾನೆಂದು ನೋಡುತ್ತಿದ್ದಾರೆ.